ಮನುಷ್ಯರಿಲ್ಲದ ದ್ವೀಪದಲ್ಲಿ ಪೆಂಗ್ವಿನ್‌ಗಳ ಜಾತ್ರೆ

ಹೋದ ತಿಂಗಳು ಇದೇ ಪುಟದಲ್ಲಿ ಓದುಗರೊಬ್ಬರು, ಪೆಂಗ್ವಿನ್‌ಗಳು ತುಂಬಾ ಜಾಸ್ತಿ ಸಂಖ್ಯೆಯಲ್ಲಿ ಒಂದೇ ಕಡೆ ಸೇರುವ ಜಾಗ ಯಾವುದು ಎಂದು ಕೇಳಿದ್ದರು. ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳು, ಅದರಲ್ಲೂ ಝಾವೊಡೊವ್‌ಸ್ಕಿ ಎಂಬ ಪುಟ್ಟ ಜ್ವಾಲಾಮುಖಿ ದ್ವೀಪ ಎಂದು ನಾಲ್ಕು ಸಾಲಿನಲ್ಲಿ ಉತ್ತರ ಬರೆದಿದ್ದೆ. ಅದು ನಿರ್ಜನ ದ್ವೀಪ ಎಂದೂ ಸೇರಿಸಿದ್ದೆ. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಎಂದು ನಾನು ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಇಡೀ ಪುಟ ಅದಕ್ಕೇ ಮೀಸಲು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ.

ಹೆಸರೇ ವಿಚಿತ್ರವಾಗಿದೆಯಲ್ಲ! ಈ ದ್ವೀಪಗಳು ಎಲ್ಲಿವೆ, ತಿನ್ನುವ ಸ್ಯಾಂಡ್‌ವಿಚ್‌ಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? (ಶಿವಮೊಗ್ಗದ ಓದುಗರು)

ಸಂಬಂಧ ಇದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಮಾಂಟಗು ಎಂಬ ಶ್ರೀಮಂತರಿದ್ದರು. ಸ್ಯಾಂಡ್‌ವಿಚ್ ಎನ್ನುವುದು ಒಂದು ಊರಿನ ಹೆಸರು, ಅವರು ಅದರ ನಾಲ್ಕನೇ ಅರ್ಲ್, ಅಂದರೆ ಆ ಬಿರುದು ಪಡೆದ ನಾಲ್ಕನೆಯವರು. ತಿಂಡಿಗೆ ಹೆಸರು ಬಂದದ್ದೂ ಅವರಿಂದಲೇ. ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರೂ ಆಗಿದ್ದರು. ಕ್ಯಾಪ್ಟನ್ ಜೇಮ್ಸ್ ಕುಕ್ 1775ರ ಜನವರಿ ಕೊನೆಯಲ್ಲಿ ಮಂಜು, ಹಿಮಗಡ್ಡೆಗಳ ನಡುವೆ ಈ ನೆಲವನ್ನು ಕಂಡಾಗ ಅವರ ಹೆಸರನ್ನೇ ಇಟ್ಟರು. ಇಲ್ಲಿನ ಅತಿ ದೊಡ್ಡ ದ್ವೀಪಕ್ಕೂ ಮಾಂಟಗು ಎಂದೇ ಹೆಸರು. ಆಮೇಲೆ 1778ರಲ್ಲಿ ಕುಕ್ ಹವಾಯಿಗೂ ಸ್ಯಾಂಡ್‌ವಿಚ್ ಎಂದೇ ಕರೆದದ್ದರಿಂದ ಗೊಂದಲ ಆಗಬಾರದೆಂದು ಇವುಗಳ ಹೆಸರಿಗೆ 'ದಕ್ಷಿಣ' ಸೇರಿತು. ನಮ್ಮಲ್ಲಿ ಆಗ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಆಳ್ವಿಕೆ ನಡೆಯುತ್ತಿತ್ತು, ಕಾಲದ ಅಂದಾಜಿಗೆ ಹೇಳಿದೆ.

ಇನ್ನು ಜಾಗ. ದಕ್ಷಿಣ ಅಮೆರಿಕದ ತುತ್ತತುದಿಯಿಂದ ಪೂರ್ವಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಸಮುದ್ರದಲ್ಲೇ ಹೋಗಬೇಕು. ಅಲ್ಲಿ ಒಟ್ಟು 11 ಮುಖ್ಯ ದ್ವೀಪಗಳಿವೆ. ಬಿಲ್ಲಿನ ಹಾಗೆ ಬಾಗಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 350 ಕಿಲೋಮೀಟರ್ ಉದ್ದಕ್ಕೆ ಸಾಲಾಗಿ ನಿಂತಿವೆ. ಕುಕ್‌ಗೆ ಕಂಡದ್ದು ದಕ್ಷಿಣದ ಎಂಟು ಮಾತ್ರ. ಉತ್ತರದ ಮೂರನ್ನು, ಅಂದರೆ ನಮ್ಮ ಝಾವೊಡೊವ್‌ಸ್ಕಿ ಇರುವ ಗುಂಪನ್ನು, ರಷ್ಯಾದ ಬೆಲ್ಲಿಂಗ್ಸ್‌ಹೌಸೆನ್ 1819ರಲ್ಲಿ ಕಂಡರು. ಝಾವೊಡೊವ್‌ಸ್ಕಿ ಎನ್ನುವುದು ಅವರ ಹಡಗಿನ ಅಧಿಕಾರಿಯೊಬ್ಬರ ಹೆಸರು.

ಒಂದು ವಿಷಯ ನನಗೆ ಯಾವಾಗಲೂ ಆಶ್ಚರ್ಯ ಹುಟ್ಟಿಸುತ್ತದೆ. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಝಾವೊಡೊವ್‌ಸ್ಕಿ ಎಷ್ಟು ದೂರವೋ, ಉತ್ತರಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿ ಜನ ಹೂದೋಟ ಮಾಡಿಕೊಂಡು ಹಾಯಾಗಿದ್ದಾರೆ. ಇಲ್ಲಿ ಹಿಮನದಿ. ಎಡಿನ್‌ಬರೋ ಕಡೆಗೆ ಬೆಚ್ಚನೆಯ ಸಾಗರ ಪ್ರವಾಹ ಬರುತ್ತದೆ, ಇಲ್ಲಿಗೆ ಬರುವುದು ಅಂಟಾರ್ಕ್ಟಿಕಾದ ತಣ್ಣೀರು. ನೀರು ಬದಲಾದರೆ ಊರಿನ ಹಣೆಬರಹವೇ ಬದಲಾಗುತ್ತದೆ ನೋಡಿ.

ಜ್ವಾಲಾಮುಖಿಯ ಮೇಲೆ ಯಾರಾದರೂ ಮನೆ ಮಾಡ್ತಾರಾ? ಬೇರೆ ಎಲ್ಲೂ ಜಾಗ ಸಿಗಲಿಲ್ಲವಾ ಆ ಪೆಂಗ್ವಿನ್‌ಗಳಿಗೆ? (ಕುಂದಾಪುರದ ಓದುಗರು)

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು, ಯಾಕೆಂದರೆ ಇಡೀ ಕಥೆಯ ಬೇರು ಇಲ್ಲೇ ಇದೆ.

ಪೆಂಗ್ವಿನ್ ಹಿಮದಲ್ಲಿ ಇರುತ್ತದೆ ಎಂದು ನಾವು ಚಿಕ್ಕಂದಿನಿಂದ ಚಿತ್ರ ನೋಡಿ ನೋಡಿ ನಂಬಿದ್ದೇವೆ. ಆದರೆ ಹಿಮದ ಮೇಲೆ ಮೊಟ್ಟೆ ಇಟ್ಟು ಕಾಲಿನ ಮೇಲೆ ಹೊತ್ತು ನಿಲ್ಲುವುದು ಎಂಪರರ್ ಎಂಬ ದೊಡ್ಡ ಜಾತಿ. ಇಲ್ಲಿ ಲಕ್ಷಗಟ್ಟಲೆ ಇರುವುದು ಚಿನ್‌ಸ್ಟ್ರಾಪ್ ಎಂಬ ಸಣ್ಣ ಜಾತಿ. ಇದಕ್ಕೆ ಹಿಮ ಕಂಡರೆ ಆಗುವುದಿಲ್ಲ, ಅಂದರೆ ಸಂಸಾರ ಮಾಡುವ ಜಾಗದಲ್ಲಿ ಹಿಮ ಇರಬಾರದು. ಬರೀ ನೆಲ ಬೇಕು. ಚಿಕ್ಕ ಚಿಕ್ಕ ಕಲ್ಲು ಆಯ್ದು ತಂದು, ಒಂದು ತಟ್ಟೆಯ ಹಾಗೆ ಗುಡ್ಡೆ ಮಾಡಿ, ಅದರಲ್ಲಿ ಎರಡು ಮೊಟ್ಟೆ ಇಡುತ್ತದೆ. ಹಿಮ ಕರಗಿದ ನೀರು ಗೂಡಿಗೆ ನುಗ್ಗಿದರೆ ಮೊಟ್ಟೆ ತಣ್ಣಗಾಗಿ ಕೆಡುತ್ತದೆ. ಕಲ್ಲು ಹಾಕುವುದು ಅದಕ್ಕೇ, ನೀರು ಕೆಳಗೆ ಹರಿದುಹೋಗಲಿ ಎಂದು.

ಈಗ ಯೋಚನೆ ಮಾಡಿ. ಸುತ್ತ ಎಲ್ಲಿ ನೋಡಿದರೂ ಹಿಮ ಮುಚ್ಚಿದ ನೆಲ. ಅದರ ನಡುವೆ ಒಂದು ಬೆಟ್ಟ ಒಳಗಿನಿಂದ ಬೆಚ್ಚಗಿದೆ. ಅದರ ಇಳಿಜಾರಿನಲ್ಲಿ ಹಿಮ ನಿಲ್ಲುವುದಿಲ್ಲ, ಅಥವಾ ಬೇಗ ಕರಗುತ್ತದೆ. ಕಾಲಡಿಗೆ ಬೇಕಾದಷ್ಟು ಲಾವಾ ಚೂರು, ಬೂದಿಗಲ್ಲು. ಗೂಡಿನ ಸಾಮಾನು ಬಾಗಿಲಲ್ಲೇ ಬಿದ್ದಿದೆ. ಸಮುದ್ರಕ್ಕೆ ಇಳಿದರೆ ಕ್ರಿಲ್ ಎಂಬ ಸಿಗಡಿಯಂಥ ಜೀವಿ ರಾಶಿ ರಾಶಿ. ಈ ಪೆಂಗ್ವಿನ್‌ನ ಊಟ ಹೆಚ್ಚೂಕಡಿಮೆ ಅದೊಂದೇ. ಊಟ ಹತ್ತಿರ, ನೆಲ ಬೆಚ್ಚಗೆ, ಕಲ್ಲು ಪುಕ್ಕಟೆ. ನಮಗೆ ನರಕ ಅನ್ನಿಸುವ ಜಾಗ ಅವಕ್ಕೆ ಸೈಟು ಸಿಕ್ಕಿದ ಹಾಗೆ.

ಬೆಲೆಯನ್ನೂ ಕೊಡಬೇಕಾಗುತ್ತದೆ. ಝಾವೊಡೊವ್‌ಸ್ಕಿಯಲ್ಲಿ ದೋಣಿ ನಿಲ್ಲಿಸುವಂಥ ಕೊಲ್ಲಿ ಇಲ್ಲ, ಮರಳಿನ ದಂಡೆ ಇಲ್ಲ. ಕಡಿದಾದ ಬಂಡೆ, ಅದಕ್ಕೆ ಬಡಿಯುವ ತೆರೆ. ಊಟ ಮುಗಿಸಿ ಬಂದ ಪೆಂಗ್ವಿನ್ ತೆರೆ ಮೇಲೇರುವ ಹೊತ್ತಿಗೆ ಹಾರಿ ಬಂಡೆಗೆ ಉಗುರು ಊರಬೇಕು. ತಪ್ಪಿದರೆ ತೆರೆ ಎತ್ತಿ ಕಲ್ಲಿಗೆ ಅಪ್ಪಳಿಸುತ್ತದೆ. ಗಾಯ ಮಾಡಿಕೊಂಡು ರಕ್ತ ಸುರಿಸುತ್ತಾ ಮೇಲೆ ನಡೆಯುವವೂ ಇವೆ. ನಿಮ್ಮ ಊರಿನ ಕಡಲಲ್ಲಿ ಮಳೆಗಾಲದ ತೆರೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಚಿನ್‌ಸ್ಟ್ರಾಪ್ ನೋಡಲು ಹೇಗಿರುತ್ತೆ? ಅಷ್ಟೊಂದು ಮರಿಗಳಲ್ಲಿ ಅಮ್ಮನಿಗೆ ತನ್ನ ಮರಿ ಹೇಗೆ ಗೊತ್ತಾಗುತ್ತೆ? (ಮಂಡ್ಯದ ಏಳನೇ ತರಗತಿ ಹುಡುಗಿ)

ಪುಟ್ಟಿ, ಅಪ್ಪ ಬೈಕ್ ಓಡಿಸುವಾಗ ಹೆಲ್ಮೆಟ್ ಪಟ್ಟಿಯನ್ನು ಗದ್ದದ ಕೆಳಗೆ ಸಿಕ್ಕಿಸಿಕೊಳ್ಳುತ್ತಾರಲ್ವಾ, ಹಾಗೇ ಈ ಪೆಂಗ್ವಿನ್‌ಗೆ ಬಿಳಿ ಮುಖದ ಮೇಲೆ ಕಿವಿಯಿಂದ ಕಿವಿಗೆ ಒಂದು ತೆಳು ಕಪ್ಪು ಗೆರೆ ಇದೆ. ತಲೆ ಮೇಲೆ ಕಪ್ಪು ಟೋಪಿ. ಚಿನ್‌ಸ್ಟ್ರಾಪ್ ಎಂದರೆ ಗದ್ದದ ಪಟ್ಟಿ ಎಂದೇ ಅರ್ಥ. ನಿನ್ನ ಸೊಂಟದಷ್ಟು ಎತ್ತರ ಬರಬಹುದು, ತೂಕ ನಾಲ್ಕು ಕಿಲೋ ಆಸುಪಾಸು.

ಅಮ್ಮ ಮಾತ್ರ ಅಲ್ಲ, ಅಪ್ಪನೂ ಮರಿ ಸಾಕುತ್ತದೆ. ಒಬ್ಬರು ಗೂಡಿನಲ್ಲಿ ಕೂತರೆ ಇನ್ನೊಬ್ಬರು ಸಮುದ್ರಕ್ಕೆ. ಐದು ವಾರ ಕಾವು ಕೂತ ಮೇಲೆ ಬೂದಿ ಬಣ್ಣದ ಮರಿ ಹೊರಗೆ ಬರುತ್ತದೆ. ಮೂರು ನಾಲ್ಕು ವಾರ ಆದ ಮೇಲೆ ಮರಿಗಳು ಹೊಟ್ಟೆಬಾಕ ಆಗಿಬಿಡುತ್ತವೆ, ಒಬ್ಬರು ತಂದದ್ದು ಸಾಲುವುದಿಲ್ಲ. ಆಗ ಅಪ್ಪ ಅಮ್ಮ ಇಬ್ಬರೂ ಊಟ ತರಲು ಹೋಗುತ್ತಾರೆ. ಮರಿಗಳೆಲ್ಲ ಅಂಗನವಾಡಿ ಥರ ಗುಂಪಾಗಿ ಒಟ್ಟಿಗೆ ನಿಲ್ಲುತ್ತವೆ. ವಾಪಸ್ ಬಂದ ದೊಡ್ಡದು ತನ್ನ ಗೂಡಿದ್ದ ಜಾಗಕ್ಕೆ ಬಂದು ಕೂಗು ಹಾಕುತ್ತದೆ. ಆ ಕೂಗು ಎಷ್ಟು ಒರಟು ಎಂದರೆ ಹಿಂದಿನ ನಾವಿಕರು ಈ ಹಕ್ಕಿಯನ್ನು ಕಲ್ಲು ಒಡೆಯುವ ಪೆಂಗ್ವಿನ್ ಎಂದೇ ಕರೆದರು. ಪ್ರತಿ ಹಕ್ಕಿಯ ಕೂಗಿನಲ್ಲೂ ಸಣ್ಣ ವ್ಯತ್ಯಾಸ ಇರುತ್ತದೆ. ನಮಗೆ ಅದು ಒಂದೇ ಗಲಾಟೆ, ಮರಿಗೆ ಮಾತ್ರ ಅದರಲ್ಲಿ ತನ್ನ ಅಮ್ಮನದು ಬೇರೆಯಾಗಿ ಕೇಳುತ್ತದೆ. ಸಂತೆಯಲ್ಲಿ ನೂರು ಜನ ಮಾತಾಡುತ್ತಿದ್ದರೂ ನಿನ್ನಮ್ಮ ಕರೆದರೆ ನೀನು ತಿರುಗಿ ನೋಡುತ್ತೀಯಲ್ಲ, ಹಾಗೆ.

ನೀನು ಇನ್ನೊಂದು ಕೇಳಿದ್ದೆ, ಹಿಮಕರಡಿ ಇವನ್ನು ತಿನ್ನುತ್ತಾ ಎಂದು. ಇಲ್ಲ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ, ಎರಡೂ ಭೇಟಿಯಾಗುವುದೇ ಇಲ್ಲ. ಇಲ್ಲಿ ಭಯ ಇರುವುದು ನೀರಿನಲ್ಲಿ ಲೆಪರ್ಡ್ ಸೀಲ್ ಎಂಬ ಬೇಟೆಗಾರ ಕಡಲ ಪ್ರಾಣಿಯಿಂದ, ನೆಲದ ಮೇಲೆ ಮೊಟ್ಟೆ ಮರಿ ಕದಿಯುವ ಸ್ಕುವಾ ಎಂಬ ಹಕ್ಕಿಯಿಂದ.

ಅಲ್ಲಿ ಜನರೇ ಇಲ್ಲ ಅಂತೀರಿ. ಹಾಗಾದರೆ ಲಕ್ಷಾಂತರ ಪೆಂಗ್ವಿನ್ ಇವೆ ಎಂದು ಎಣಿಸಿದವರು ಯಾರು? ಸುಮ್ನೆ ಅಂದಾಜಾ? (ಧಾರವಾಡದ ಓದುಗರು)

ಅಂದಾಜು ಹೌದು, ಸುಮ್ನೆ ಅಂದಾಜು ಅಲ್ಲ. 2011ರಲ್ಲಿ ಒಂದು ತಂಡ ಹಾಯಿದೋಣಿಯಲ್ಲಿ ಈ ದ್ವೀಪಗಳಿಗೆ ಹೋಗಿ ಇಳಿಯಲು ಆದ ಕಡೆ ಇಳಿದು, ಆಗದ ಕಡೆ ದೋಣಿಯಿಂದಲೇ ಗೂಡುಗಳನ್ನು ಎಣಿಸಿತು. ಅದರ ಜೊತೆಗೆ ಉಪಗ್ರಹದ ಚಿತ್ರಗಳನ್ನು ಇಟ್ಟುಕೊಂಡರು. ಉಪಗ್ರಹಕ್ಕೆ ಇಂಥ ಬೀಡಿನ ಒಂದೊಂದು ಹಕ್ಕಿಯನ್ನು ಬಿಡಿಸಿ ತೋರಿಸಲು ಆಗುವುದಿಲ್ಲ, ಆದರೆ ಅವುಗಳ ಹಿಕ್ಕೆ ಕಾಣುತ್ತದೆ. ಕ್ರಿಲ್ ತಿಂದ ಹಕ್ಕಿಯ ಹಿಕ್ಕೆ ನಸುಗೆಂಪು. ತಿಂಗಳುಗಟ್ಟಲೆ ಲಕ್ಷ ಲಕ್ಷ ಹಕ್ಕಿ ಒಂದೇ ಕಡೆ ಕೂತರೆ ಇಡೀ ಇಳಿಜಾರಿಗೆ ಆ ಬಣ್ಣ ಬಳಿದ ಹಾಗಾಗುತ್ತದೆ. ಎಷ್ಟು ನೆಲಕ್ಕೆ ಆ ಬಣ್ಣ ಇದೆ ಎಂದು ಅಳೆದು, ಒಂದು ಚದರ ಮೀಟರಿಗೆ ಎಷ್ಟು ಗೂಡು ಎಂದು ನೆಲದಲ್ಲಿ ಎಣಿಸಿದ ಲೆಕ್ಕದಿಂದ ಗುಣಿಸಿದರೆ ಸಂಖ್ಯೆ ಸಿಗುತ್ತದೆ.

2016ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಇಡೀ ದ್ವೀಪಸಮೂಹದಲ್ಲಿ ಮರಿ ಮಾಡುವ ಚಿನ್‌ಸ್ಟ್ರಾಪ್ ಜೋಡಿಗಳು ಸುಮಾರು 13 ಲಕ್ಷ. ಝಾವೊಡೊವ್‌ಸ್ಕಿ ಒಂದರಲ್ಲೇ ಸುಮಾರು 6 ಲಕ್ಷ ಜೋಡಿ. ದ್ವೀಪ ಈ ಕಡೆಯಿಂದ ಆ ಕಡೆಗೆ ಐದು ಕಿಲೋಮೀಟರ್, ಬೆಳಿಗ್ಗೆ ವಾಕಿಂಗ್ ಹೋದವರು ದಾಟಬಹುದಾದಷ್ಟು. ಅಷ್ಟರಲ್ಲಿ 12 ಲಕ್ಷ ದೊಡ್ಡ ಹಕ್ಕಿಗಳು. 2011ರ ಜನಗಣತಿಯಲ್ಲಿ ಮೈಸೂರು ನಗರದಲ್ಲಿದ್ದ ಜನರಿಗಿಂತ ಇದು ಜಾಸ್ತಿ. ಮರಿಗಳನ್ನು ಇನ್ನೂ ಸೇರಿಸಿಲ್ಲ. ಚಿನ್‌ಸ್ಟ್ರಾಪ್ ಜೊತೆ ತಲೆಗೆ ಹಳದಿ ಜುಟ್ಟಿರುವ ಮ್ಯಾಕರೋನಿ, ಅಡೇಲಿ, ಜೆಂಟೂ ಜಾತಿಗಳೂ ಈ ದ್ವೀಪಗಳಲ್ಲಿವೆ.

ಇದನ್ನು ಓದಿದ ಮೇಲೆ ನನಗೆ ನಿರ್ಜನ ಎಂಬ ಪದ ಬಳಸಲು ಮನಸ್ಸು ಬರುತ್ತಿಲ್ಲ. ಜನ ಇಲ್ಲ ಅಷ್ಟೇ. ಕಾಲಿಡಲೂ ಜಾಗವಿಲ್ಲದ ಊರು ಅದು.

ವಾಸನೆ ಹೇಗಿರಬಹುದು? (ಮಂಗಳೂರಿನ ಓದುಗರು)

ನೀವು ಮೀನುಗಾರಿಕಾ ಬಂದರಿನ ಊರಿನವರು, ಅರ್ಧ ಊಹಿಸಿಯೇ ಕೇಳಿದ್ದೀರಿ. ಮೀನು ಇಳಿಸುವ ಧಕ್ಕೆಯ ವಾಸನೆ, ಅದರ ಮೇಲೆ ಕೋಳಿ ಫಾರಂನ ಕಣ್ಣು ಉರಿಸುವ ಅಮೋನಿಯಾ, ಅದರ ಮೇಲೆ ಜ್ವಾಲಾಮುಖಿಯ ಗಂಧಕದ ಹೊಗೆ. ಮೂರೂ ಸೇರಿದರೆ ಝಾವೊಡೊವ್‌ಸ್ಕಿ. ಅಲ್ಲಿನ ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಒಂದು ಮೂಲೆಯ ಹೆಸರು ಸ್ಟೆಂಚ್ ಪಾಯಿಂಟ್, ದುರ್ನಾತದ ಮೂಲೆ ಎಂದರ್ಥ. ಇನ್ನೊಂದು ಆಕ್ರಿಡ್ ಪಾಯಿಂಟ್, ಗಂಟಲು ಸುಡುವ ಮೂಲೆ. ಮತ್ತೊಂದು ಪಂಜೆಂಟ್ ಪಾಯಿಂಟ್, ಅಂದರೆ ಮೂಗಿಗೆ ಹೊಡೆಯುವ ಘಾಟಿನ ಮೂಲೆ. ನಾಕ್ಷಸ್ ಬ್ಲಫ್ ಎಂಬ ದಿಬ್ಬವೂ ಇದೆ, ವಿಷಗಾಳಿಯ ದಿಬ್ಬ. 551 ಮೀಟರ್ ಎತ್ತರದ ಜ್ವಾಲಾಮುಖಿಯ ಈಗಿನ ಹೆಸರು ಮೌಂಟ್ ಕರಿ, ಅದರ ಇನ್ನೊಂದು ಹೆಸರಿಗೆ ಉಸಿರು ಕಟ್ಟುವ ಬೆಟ್ಟ ಎಂದೇ ಅರ್ಥ. ಹೆಸರಿಟ್ಟವರು ಮೂಗನ್ನು ನಂಬಿ ಇಟ್ಟಿದ್ದಾರೆ.

ಅದು ಬೆಂಕಿ ಉಗುಳಿದರೆ ಪೆಂಗ್ವಿನ್‌ಗಳ ಗತಿ? (ಬಳ್ಳಾರಿಯ ಓದುಗರು)

ಉಗುಳಿದ್ದೂ ಇದೆ. 2016ರ ಮಾರ್ಚ್‌ನಲ್ಲಿ ಮೌಂಟ್ ಕರಿ ಹೊಗೆ, ಬೂದಿ ಕಾರಲು ಶುರು ಮಾಡಿತು. ಅದೇ ವರ್ಷ ಇದೇ ಸಾಲಿನ ಬ್ರಿಸ್ಟಲ್ ದ್ವೀಪದ ಜ್ವಾಲಾಮುಖಿಯೂ ಅರವತ್ತು ವರ್ಷದ ನಿದ್ದೆ ಬಿಟ್ಟು ಎದ್ದಿತು. ಝಾವೊಡೊವ್‌ಸ್ಕಿಯಲ್ಲಿ ಗಾಳಿ ಬೀಸಿದ ದಿಕ್ಕಿಗೆ ಗೂಡುಗಳ ಮೇಲೆ ಬೂದಿ ಬಿತ್ತು. ಸಂಕಟದ ವಿಷಯ ಏನೆಂದರೆ ಅದು ರೆಕ್ಕೆಪುಕ್ಕ ಬದಲಾಯಿಸುವ ಕಾಲ. ಮರಿ ಬೆಳೆಸಿ ಮುಗಿದ ಮೇಲೆ ಚಿನ್‌ಸ್ಟ್ರಾಪ್‌ಗಳು ಹಳೇ ಪುಕ್ಕ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ. ಎರಡು ಮೂರು ವಾರ ಹಿಡಿಯುತ್ತದೆ. ಆ ದಿನಗಳಲ್ಲಿ ಮೈಗೆ ನೀರು ತಡೆಯುವ ಕೋಟು ಇಲ್ಲದ ಕಾರಣ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಉಪವಾಸ ನಿಂತಿರಬೇಕು. ಬೂದಿ ಬಿದ್ದರೆ ಓಡಿಹೋಗಲೂ ಆಗುವುದಿಲ್ಲ, ನಿಂತಲ್ಲೇ ನಿಲ್ಲಬೇಕು. ಆ ಚಿತ್ರಗಳನ್ನು ನೋಡಿ ನನಗೆ ಹೊಟ್ಟೆಯಲ್ಲಿ ಹೇಗೋ ಆಗಿತ್ತು.

ಈ ದ್ವೀಪಗಳೆಲ್ಲ ಹುಟ್ಟಿದ್ದೇ ಬೆಂಕಿಯಿಂದ. ದಕ್ಷಿಣ ಅಮೆರಿಕದ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಇಲ್ಲಿ ಇನ್ನೊಂದು ಪುಟ್ಟ ಫಲಕದ ಅಡಿಗೆ ತೂರಿ ಇಳಿಯುತ್ತಿದೆ. ಇಳಿಯುವ ಜಾಗದಲ್ಲಿ ಸಮುದ್ರದ ತಳ 8 ಸಾವಿರ ಮೀಟರಿಗೂ ಜಾಸ್ತಿ ಆಳಕ್ಕೆ ಹೋಗಿದೆ. ಒಳಗೆ ಕರಗಿದ ಕಲ್ಲು ಮೇಲೆ ಬಂದದ್ದೇ ಈ ದ್ವೀಪಗಳ ಸಾಲು. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳೂ ಲಾವಾ ತಣ್ಣಗಾಗಿ ಆದವೇ, ಆದರೆ ಅಲ್ಲಿ ಬೆಂಕಿ ಆರಿ ಎಂಟು ಕೋಟಿ ವರ್ಷ ದಾಟಿದೆ. ಇಲ್ಲಿ ಇನ್ನೂ ಒಲೆ ಉರಿಯುತ್ತಿದೆ. ಸಾಂಡರ್ಸ್ ಎಂಬ ದ್ವೀಪದ ಮೌಂಟ್ ಮೈಕಲ್ ಬಾಯಿಯಲ್ಲಿ ಕುದಿಯುವ ಲಾವಾದ ಕೆರೆಯೇ ಇದೆ ಎಂದು 2019ರಲ್ಲಿ ಉಪಗ್ರಹದ ಚಿತ್ರಗಳಿಂದ ಖಚಿತವಾಯಿತು. ಜಗತ್ತಿನಲ್ಲಿ ಅಂಥವು ಬೆರಳೆಣಿಕೆಯಷ್ಟು ಮಾತ್ರ. 2021ರ ಆಗಸ್ಟ್ 12ರಂದು ಇಲ್ಲಿ 8.1 ತೀವ್ರತೆಯ ಭೂಕಂಪವಾಗಿ, ಅದರ ಸುನಾಮಿಯ ಅಲೆ ಸಣ್ಣದಾಗಿ ನಮ್ಮ ಹಿಂದೂ ಮಹಾಸಾಗರದ ತನಕ ಬಂದು ದಾಖಲಾಯಿತು. ನಮ್ಮಲ್ಲಿ ಆ ದಿನ ಎಷ್ಟು ಜನರಿಗೆ ಗೊತ್ತಾಯಿತು ಹೇಳಿ.

ಒಬ್ಬರೂ ಅಲ್ಲಿ ಇರಲು ಪ್ರಯತ್ನ ಮಾಡಲೇ ಇಲ್ಲವಾ? ಯಾವ ದೇಶಕ್ಕೆ ಸೇರಿದೆ? (ಬೆಂಗಳೂರಿನ ಓದುಗರು)

ಆಡಳಿತ ಬ್ರಿಟನ್ನಿನದು, ಹಕ್ಕು ನಮ್ಮದು ಎನ್ನುವುದು ಅರ್ಜೆಂಟೀನಾ. ಅರ್ಜೆಂಟೀನಾದವರು 1955ರಲ್ಲಿ ದಕ್ಷಿಣ ತುದಿಯ ಥೂಲೆ ದ್ವೀಪದಲ್ಲಿ ಒಂದು ಸಣ್ಣ ತಂಗುದಾಣ ಕಟ್ಟಿದರು. ಮರುವರ್ಷವೇ ಪಕ್ಕದ ಬ್ರಿಸ್ಟಲ್ ಜ್ವಾಲಾಮುಖಿ ಸಿಡಿದು ಖಾಲಿ ಮಾಡಬೇಕಾಯಿತು. 1976ರಲ್ಲಿ ಮತ್ತೆ ಥೂಲೆಯಲ್ಲೇ ಒಂದು ಕೇಂದ್ರ ಕಟ್ಟಿ ಆರು ವರ್ಷ ಜನರನ್ನು ಇಟ್ಟಿದ್ದರು. 1982ರ ಫಾಕ್‌ಲ್ಯಾಂಡ್ ಯುದ್ಧದ ಕೊನೆಗೆ ಬ್ರಿಟಿಷರು ಬಂದು ಅವರನ್ನು ಹೊರಗೆ ಕಳಿಸಿ, ಆಮೇಲೆ ಕಟ್ಟಡಗಳನ್ನೂ ಕೆಡವಿದರು. ಅಲ್ಲಿಗೆ ಮನುಷ್ಯರ ವಾಸ ಮುಗಿಯಿತು.

ಅಂಟಾರ್ಕ್ಟಿಕಾವನ್ನು ಶಾಂತಿಗೆ, ವಿಜ್ಞಾನಕ್ಕೆ ಮೀಸಲಿಟ್ಟ ಅಂಟಾರ್ಕ್ಟಿಕಾ ಒಪ್ಪಂದ ಇದಕ್ಕೂ ಅನ್ವಯಿಸುತ್ತಾ ಎಂದೂ ಕೇಳಿದ್ದೀರಿ. ಆ ಒಪ್ಪಂದ 60 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಆಚೆಗೆ ಮಾತ್ರ. ಈ ದ್ವೀಪಗಳು ಅದಕ್ಕಿಂತ ಸ್ವಲ್ಪ ಈಚೆಗೇ ಮುಗಿಯುತ್ತವೆ. ಭಾರತದ ಮೈತ್ರಿ, ಭಾರತಿ ಸಂಶೋಧನಾ ಕೇಂದ್ರಗಳಿರುವುದು ಅಂಟಾರ್ಕ್ಟಿಕಾ ಖಂಡದ ಮೇಲೆ, ಇಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

2025ರಲ್ಲಿ ಅಮೆರಿಕ ಪೆಂಗ್ವಿನ್‌ಗಳ ದ್ವೀಪಕ್ಕೂ ಸುಂಕ ಹಾಕಿತು ಎಂದು ಸುದ್ದಿ ಬಂದಿತ್ತಲ್ಲ, ಅದು ಇದೇನಾ? (ತುಮಕೂರಿನ ಓದುಗರು)

ಅಲ್ಲ. ಅದು ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳು, ಆಸ್ಟ್ರೇಲಿಯಾಕ್ಕೆ ಸೇರಿದವು, ಹಿಂದೂ ಮಹಾಸಾಗರದ ದಕ್ಷಿಣದಲ್ಲಿವೆ. 2025ರ ಏಪ್ರಿಲ್‌ನ ಪಟ್ಟಿಯಲ್ಲಿ ಅವುಗಳ ಹೆಸರಿನ ಮುಂದೆ ಶೇ 10 ಎಂದು ಇತ್ತು. ಅಲ್ಲೂ ಜನ ಇಲ್ಲ, ಅಲ್ಲೂ ಜ್ವಾಲಾಮುಖಿ ಇದೆ, ಅಲ್ಲೂ ಪೆಂಗ್ವಿನ್ ತುಂಬಿವೆ. ಗೊಂದಲ ಆಗುವುದು ಸಹಜವೇ.

ನಾನು ನೈಟ್ ಡ್ಯೂಟಿ ಮಾಡುವ ನರ್ಸ್. ಅಷ್ಟು ಗಲಾಟೆಯಲ್ಲಿ ಅವು ನಿದ್ದೆ ಹೇಗೆ ಮಾಡುತ್ತವೆ? (ಹುಬ್ಬಳ್ಳಿಯ ಓದುಗರು)

ನಿಮ್ಮ ಪತ್ರ ನನಗೆ ಎಲ್ಲಕ್ಕಿಂತ ಇಷ್ಟವಾಯಿತು ಅಕ್ಕಾ, ಯಾಕೆಂದರೆ ಇದೇ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದ ಹತ್ತಿರದ ಕಿಂಗ್ ಜಾರ್ಜ್ ದ್ವೀಪದಲ್ಲಿ, ಮೊಟ್ಟೆ ಕಾಯುತ್ತಿದ್ದ 14 ಚಿನ್‌ಸ್ಟ್ರಾಪ್‌ಗಳ ತಲೆಗೆ ಸಣ್ಣ ಉಪಕರಣ ಕೂರಿಸಿ ಮಿದುಳಿನ ಅಲೆಗಳನ್ನು ದಾಖಲಿಸಿದರು. ಫಲಿತಾಂಶ 2023ರಲ್ಲಿ ಹೊರಗೆ ಬಂತು. ಈ ಹಕ್ಕಿ ದಿನಕ್ಕೆ 10 ಸಾವಿರಕ್ಕೂ ಜಾಸ್ತಿ ಸಲ ನಿದ್ದೆ ಮಾಡುತ್ತದೆ, ಒಂದೊಂದು ನಿದ್ದೆ ಸರಾಸರಿ ನಾಲ್ಕೇ ಸೆಕೆಂಡ್. ಕಣ್ಣು ಮುಚ್ಚುತ್ತದೆ, ಮಂಪರು, ಮತ್ತೆ ಕಣ್ಣು ಬಿಡುತ್ತದೆ. ಕೆಲವು ಸಲ ಒಂದೇ ಕಣ್ಣು ಮುಚ್ಚಿ ಅರ್ಧ ಮಿದುಳಿಗೆ ಮಾತ್ರ ವಿಶ್ರಾಂತಿ ಕೊಡುತ್ತದೆ. ಹೀಗೆ ತುಣುಕು ತುಣುಕು ಕೂಡಿಸಿದರೆ ದಿನಕ್ಕೆ 11 ಗಂಟೆಗೂ ಜಾಸ್ತಿ ಆಗುತ್ತದೆ. ಮರಿ ಮಾಡುವುದಕ್ಕೂ ಅದರಿಂದ ತೊಂದರೆ ಆದ ಹಾಗೆ ಕಾಣಲಿಲ್ಲ.

ಇನ್ನೂ ಒಂದು ವಿಷಯ ಕೇಳಿ. ಗುಂಪಿನ ಅಂಚಿನಲ್ಲಿ ಗೂಡು ಮಾಡಿದವಕ್ಕೆ ಸ್ಕುವಾದ ಭಯ ಜಾಸ್ತಿ, ಹಾಗಾಗಿ ಅವಕ್ಕೇ ನಿದ್ದೆ ಕಡಿಮೆ ಇರಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆಗಿದ್ದು ಉಲ್ಟಾ. ಅಂಚಿನವು ಚೆನ್ನಾಗಿ ನಿದ್ದೆ ಮಾಡಿದವು, ನಟ್ಟನಡುವೆ ಇದ್ದವಕ್ಕೆ ನಿದ್ದೆ ಹರಿದು ಹರಿದು ಬಂತು. ಕಳ್ಳನಿಗಿಂತ ಅಕ್ಕಪಕ್ಕದವರ ಕಾಟವೇ ದೊಡ್ಡದು ಎಂದಾಯಿತು. ಈ ಪೆಂಗ್ವಿನ್‌ಗಳು ಪಕ್ಕದ ಗೂಡಿನ ಕಲ್ಲು ಕದಿಯುವುದರಲ್ಲಿ ಎತ್ತಿದ ಕೈ. ನಡುವೆ ಇದ್ದವಕ್ಕೆ ನಾಲ್ಕೂ ಕಡೆ ನೆರೆಯವರು.

ನೀವು ವಾರ್ಡಿನಲ್ಲಿ ಕುರ್ಚಿಗೆ ಒರಗಿ ಒಂದು ನಿಮಿಷ ಕಣ್ಣು ಮುಚ್ಚಿದರೂ ಬೆಲ್ ಆಗುತ್ತದೆ ಎಂದು ಬರೆದಿದ್ದೀರಿ. ಇದನ್ನು ಓದಿ ಮನುಷ್ಯರಿಗೂ ತುಣುಕು ನಿದ್ದೆ ಸಾಕು ಎಂದುಕೊಳ್ಳಬೇಡಿ. ನಮ್ಮ ಮೈಗೆ ಅದು ಒಗ್ಗುವುದಿಲ್ಲ. ಡ್ಯೂಟಿ ಮುಗಿಸಿ ಮನೆಗೆ ಹೋದ ಮೇಲೆ ದಯವಿಟ್ಟು ಸರಿಯಾಗಿ ನಿದ್ದೆ ಮಾಡಿ.

ನಮ್ಮದು ಮೀನುಗಾರರ ಮನೆ. ಅಲ್ಲಿ ಅಷ್ಟು ಕ್ರಿಲ್ ಇದ್ದರೆ ಯಾರೂ ಹಿಡಿಯುವುದಿಲ್ಲವಾ? (ಕಾರವಾರದ ಓದುಗರು)

ದಕ್ಷಿಣ ಸಾಗರದಲ್ಲಿ ಕ್ರಿಲ್ ಹಿಡಿಯುವ ದೊಡ್ಡ ಹಡಗುಗಳಿವೆ. ಮೀನು ಸಾಕಣೆಯ ಮೇವಿಗೆ, ಎಣ್ಣೆಯ ಮಾತ್ರೆಗೆ ಅದು ಹೋಗುತ್ತದೆ. ಈ ದ್ವೀಪಗಳ ಸುತ್ತ ಮಾತ್ರ 2012ರಲ್ಲಿ ಬ್ರಿಟಿಷ್ ಆಡಳಿತ 10 ಲಕ್ಷ ಚದರ ಕಿಲೋಮೀಟರಿಗೂ ದೊಡ್ಡ ಸಂರಕ್ಷಿತ ಸಮುದ್ರ ಘೋಷಿಸಿತು. ಐದು ಕರ್ನಾಟಕ ಇಟ್ಟರೂ ಜಾಗ ಉಳಿಯುತ್ತದೆ. ಸಮುದ್ರದ ತಳ ಗೋರುವ ಬಲೆಗೆ ಅಲ್ಲಿ ಅವಕಾಶ ಇಲ್ಲ. ದ್ವೀಪಗಳ ಹತ್ತಿರದ ನೀರಿನಲ್ಲಿ ಮೀನುಗಾರಿಕೆಯೇ ಇಲ್ಲ. ತಳ ಗೋರಿದರೆ ಏನಾಗುತ್ತದೆ ಎಂದು ನಿಮ್ಮ ಮನೆಯವರಿಗೆ ನಾನು ಹೇಳಬೇಕಾಗಿಲ್ಲ.

ಆ ನೀರಿನಲ್ಲಿ ಇನ್ನೂ ಏನೇನಿದೆಯೋ. 2025ರ ಮಾರ್ಚ್‌ನಲ್ಲಿ ಇದೇ ದ್ವೀಪಗಳ ಹತ್ತಿರ 600 ಮೀಟರ್ ಆಳಕ್ಕೆ ಇಳಿಸಿದ ಕ್ಯಾಮೆರಾದಲ್ಲಿ ಕೊಲಾಸಲ್ ಸ್ಕ್ವಿಡ್ ಎಂಬ ದೈತ್ಯ ಜಾತಿಯ ಒಂದು ಮರಿ ಸಿಕ್ಕಿತು. ನಿಮ್ಮ ಕಡೆ ಬೊಂಡಾಸ್ ಎನ್ನುತ್ತೀರಲ್ಲ, ಅದರ ಜಾತಿಯದೇ, ದೊಡ್ಡದಾದರೆ ನೂರಾರು ಕಿಲೋ ತೂಗುತ್ತದೆ. ಕ್ಯಾಮೆರಾಗೆ ಸಿಕ್ಕ ಮರಿ 30 ಸೆಂಟಿಮೀಟರ್ ಇತ್ತು, ಗಾಜಿನ ಹಾಗೆ ಪಾರದರ್ಶಕ. ಈ ಜಾತಿಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 1925ರಲ್ಲಿ. ಅದರ ಮನೆಯಲ್ಲೇ ಜೀವಂತವಾಗಿ ಈಜುವುದನ್ನು ನೋಡಲು ನೂರು ವರ್ಷ ಬೇಕಾಯಿತು.

ಮುಂಬೈಯ ರಾಣಿಬಾಗ್ ಮೃಗಾಲಯದಲ್ಲಿ ನೋಡಿದ್ದು ಇದೇ ಪೆಂಗ್ವಿನ್ ಇರಬಹುದಾ? ನಮ್ಮ ಮಗಳು ಹೌದು ಅಂತಾಳೆ. (ಮುಂಬೈ ಕನ್ನಡಿಗರು)

ಅವು ಹಂಬೋಲ್ಟ್ ಪೆಂಗ್ವಿನ್‌ಗಳು, ಪೆರು ಮತ್ತು ಚಿಲಿ ದೇಶದ ಕಡಲಿನವು. ಮುಂಬೈಗೆ ಬಂದದ್ದು 2016ರಲ್ಲಿ. ಅವುಗಳ ಎದೆಯ ಮೇಲೆ ಅಡ್ಡಕ್ಕೆ ಒಂದು ಕಪ್ಪು ಪಟ್ಟೆ ಇದೆ, ಕೊಕ್ಕಿನ ಬುಡ ಗುಲಾಬಿ. ಗದ್ದದ ಗೆರೆ ಇಲ್ಲ. ಮಗಳನ್ನು ಇನ್ನೊಮ್ಮೆ ಕರೆದುಕೊಂಡು ಹೋದಾಗ ಅವಳಿಗೇ ಹುಡುಕಲು ಹೇಳಿ.

ದುಡ್ಡು ಇದ್ದರೆ ಅಲ್ಲಿಗೆ ಹೋಗಬಹುದಾ? (ಮೈಸೂರಿನ ಓದುಗರು)

ಅನುಮತಿ ಬೇಕು, ಅಲ್ಲಿನ ಆಡಳಿತ ಕೊಡುತ್ತದೆ. ಅನುಮತಿ ಸಿಕ್ಕರೂ ಇಳಿಯಲು ಸಮುದ್ರ ಬಿಡಬೇಕು. ಹಡಗಿನಲ್ಲಿ ಹತ್ತಿರದ ತನಕ ಹೋಗಿ ದೂರದಿಂದಲೇ ನೋಡಿ ವಾಪಸ್ ಬರಬೇಕಾದ ದಿನಗಳೂ ಇರುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಹೋಗದಿರುವುದೇ ಒಳ್ಳೆಯದು. ನಾನೂ ಹೋಗಿಲ್ಲ, ಹೋಗುವ ಆಸೆಯನ್ನೂ ಇಟ್ಟುಕೊಂಡಿಲ್ಲ. ನಮ್ಮ ಶೂವಿನ ಮಣ್ಣಿನ ಜೊತೆ ಒಂದು ಬೀಜ, ಒಂದು ರೋಗಾಣು ಹೋದರೂ ಸಾಕು.

ಇವು ಉಳಿಯುತ್ತವಾ? ಮಕ್ಕಳು ಕೇಳಿದರೆ ಏನು ಹೇಳಲಿ? (ಚಿತ್ರದುರ್ಗದ ಹೈಸ್ಕೂಲು ಮೇಷ್ಟ್ರು)

ಮೇಷ್ಟ್ರೇ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅಂಟಾರ್ಕ್ಟಿಕಾದ ಹತ್ತಿರದ ಎಲಿಫೆಂಟ್ ದ್ವೀಪದಲ್ಲಿ 2020ರಲ್ಲಿ ಎಣಿಸಿದಾಗ, 1971ರ ಲೆಕ್ಕಕ್ಕೆ ಹೋಲಿಸಿದರೆ ಚಿನ್‌ಸ್ಟ್ರಾಪ್‌ಗಳು ಶೇ 60ರಷ್ಟು ಕಡಿಮೆಯಾಗಿದ್ದವು. ಕ್ರಿಲ್ ಮರಿಗಳು ಚಳಿಗಾಲದಲ್ಲಿ ಸಮುದ್ರದ ಮಂಜುಗಡ್ಡೆಯ ಅಡಿಗೆ ಅಂಟಿದ ಪಾಚಿ ತಿಂದು ಬದುಕುತ್ತವೆ. ಸಮುದ್ರ ಬಿಸಿಯಾಗಿ ಮಂಜುಗಡ್ಡೆ ಕಡಿಮೆಯಾದರೆ ಕ್ರಿಲ್‌ಗೆ ಕಷ್ಟ, ಕ್ರಿಲ್ ಕಡಿಮೆಯಾದರೆ ಪೆಂಗ್ವಿನ್ ಮನೆಯಲ್ಲಿ ಒಲೆ ಉರಿಯುವುದಿಲ್ಲ. ದಕ್ಷಿಣ ಸ್ಯಾಂಡ್‌ವಿಚ್‌ನ 2011ರ ಎಣಿಕೆ ಮಾತ್ರ ಆ ಥರದ ಕುಸಿತ ತೋರಿಸಲಿಲ್ಲ. ಅದಕ್ಕೇ ಅದು ಅಷ್ಟು ಮುಖ್ಯ. ಜಗತ್ತಿನ ಚಿನ್‌ಸ್ಟ್ರಾಪ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರುವುದು ಈ 11 ದ್ವೀಪಗಳಲ್ಲಿ. ಇನ್ನೊಂದು ಭಯವೂ ಇದೆ. 2023ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ನೆರೆಮನೆ ಎನ್ನಬಹುದಾದ ದಕ್ಷಿಣ ಜಾರ್ಜಿಯಾದ ಸ್ಕುವಾ ಹಕ್ಕಿಗಳಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಅಲ್ಲಿಂದ ಝಾವೊಡೊವ್‌ಸ್ಕಿಗೆ ಸುಮಾರು 550 ಕಿಲೋಮೀಟರ್. ಸ್ಕುವಾಗಳಿಗೆ ಅದು ದೂರವೇ ಅಲ್ಲ.

ಅವು ವರ್ಷವಿಡೀ ಅಲ್ಲೇ ಇರುತ್ತವಾ? (ಕೊಪ್ಪಳದ ಓದುಗರು)

ಇಲ್ಲ. ಹೊಸ ಪುಕ್ಕ ಬಂದ ಕೂಡಲೇ ಹೊರಡುತ್ತವೆ. ಅಲ್ಲಿನ ಚಳಿಗಾಲ (ನಮ್ಮ ಜೂನ್, ಜುಲೈ) ಜೋರಾಗುವ ಹೊತ್ತಿಗೆ ಇಳಿಜಾರುಗಳು ಖಾಲಿ. ಆಗ ಮಾತ್ರ ಆ ದ್ವೀಪಕ್ಕೆ ನಿರ್ಜನ ಎಂಬ ಪದ ಒಪ್ಪುತ್ತದೆ. ಉಳಿದಿರುವುದು ಹೊಗೆ, ಬೂದಿ, ಗಾಳಿ ಮತ್ತು ಆ ಕಲ್ಲಿನ ಗೂಡುಗಳು. ಪೆಂಗ್ವಿನ್‌ಗಳು ಅಷ್ಟೂ ತಿಂಗಳು ಸಮುದ್ರದಲ್ಲೇ ಕಳೆಯುತ್ತವೆ. ನಮ್ಮಲ್ಲಿ ದೀಪಾವಳಿ ಬರುವ ಹೊತ್ತಿಗೆ ಗಂಡು ಹಕ್ಕಿಗಳು ಮೊದಲು ವಾಪಸ್ ಬರುತ್ತವೆ. ಬಂದು ಹೋದ ವರ್ಷದ ತನ್ನ ಗೂಡನ್ನೇ ಹುಡುಕಿ, ಚದುರಿದ ಕಲ್ಲು ಜೋಡಿಸಿ, ಅದರ ಮೇಲೆ ನಿಂತು ಕೂಗಲು ಶುರು ಮಾಡುತ್ತವೆ. ಹೆಣ್ಣು ಬರಲು ಇನ್ನೂ ನಾಲ್ಕೈದು ದಿನ.